ಮೇಷ್ಟ್ರ ನಾರ್ಮಲ್ ಹೆಂಡತಿ

ಬೆಳಗ್ಗೆ ಎದ್ದ ಮೇಲೆ ಒಂದೂವರೆ ಗಂಟೆ ದರ್ಜಿಯಮ್ಮನ ಬೆರಳುಗಳು ಮಡಚುತ್ತಿರಲಿಲ್ಲ. ಗೆಣ್ಣುಗಳು ಊದಿ ಕತ್ತರಿ ಹಿಡಿಯುವುದೇ ದುಸ್ತರವಾಗಿತ್ತು. ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ತಿನ್ನುವ ಸಂಧಿವಾತವಿದು ಎಂದು ಡಾಕ್ಟರಮ್ಮ ಎರಡು ವರ್ಷದ ಹಿಂದೆಯೇ ಹೇಳಿ ಮಾತ್ರೆ ಕೊಟ್ಟಿದ್ದರು. ರೋಗದ ಜೊತೆ ಹೇಗೋ ಏಗಬಹುದಿತ್ತು. ಗಂಡನ ಜೊತೆ ಏಗುವುದೇ ಕಷ್ಟ.

ಗಂಡ ಲೆಕ್ಕದ ಮೇಷ್ಟ್ರು. ನಿವೃತ್ತರಾಗಿದ್ದರೂ ಅಂಕಿ ಕಂಡರೆ ಕಣ್ಣರಳುತ್ತಿತ್ತು. ಹೆಂಡತಿಯ ರಕ್ತದಲ್ಲಿ ಉರಿಯೂತ ಎಷ್ಟಿದೆಯೆಂದು ತೋರಿಸುವ ಸಿಆರ್‌ಪಿ ಪರೀಕ್ಷೆಯ ಫಲಿತಾಂಶಗಳಿಗೆ ಗ್ರಾಫ್ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಮನೆಗೆ ಬಂದವರು ಅದನ್ನು ನೋಡಿದ ಮೇಲೆಯೇ ಕೂರಬೇಕು.

ಆ ತಿಂಗಳ ವರದಿಯಲ್ಲಿ ಸಿಆರ್‌ಪಿ ಮೂರು.

"ನಾರ್ಮಲ್!" ಮೇಷ್ಟ್ರು ಕುಣಿಯುವುದೊಂದು ಬಾಕಿ. "ನಿನ್ನ ನೋವು ಹೋಯ್ತು ಕಣೇ."

"ಹೋಗಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ? ಬೆರಳು ನೋಡ್ರೀ, ಹೇಗೆ ಊದಿದೆ."

"ಬೆರಳು ಸುಳ್ಳು ಹೇಳಬಹುದು. ಅಂಕಿ ಹೇಳಲ್ಲ."

ಅಂದಿನಿಂದ ಮೇಷ್ಟ್ರು ಪಾತ್ರೆ ತೊಳೆಯುವುದನ್ನು ಬಿಟ್ಟರು. ನಾದಿನಿ ಫೋನ್ ಮಾಡಿ, "ಅತ್ತಿಗೆ, ನಾರ್ಮಲ್ ಅಂತೆ! ಹಾಗಾದ್ರೆ ನಮ್ಮನೆ ಕಿಟಕಿ ಪರದೆ ಈ ವಾರಾನೇ ಹೊಲಿದು ಕೊಡಿ" ಎಂದಳು. ಎಲ್ಲರೂ ಒಂದೇ ಮಾತು ಹೇಳುತ್ತಿದ್ದರೆ ತನಗೇ ಸೋಮಾರಿತನವೇನೋ ಎಂದು ದರ್ಜಿಯಮ್ಮನಿಗೂ ಅನುಮಾನ ಬಂತು. ಹಲ್ಲು ಕಚ್ಚಿಕೊಂಡು ಹೊಲಿದಳು.

ಮುಂದಿನ ವಾರ ಮೇಷ್ಟ್ರ ದವಡೆ ಊದಿತು. ಹೆಂಡತಿ ಹೇಳಿದರೂ ಕೇಳದೆ, ಹಲ್ಲು ತೋರಿಸುವ ಬದಲು ರಕ್ತ ಪರೀಕ್ಷೆಗೆ ಕೊಟ್ಟು ಬಂದರು. ಸಿಆರ್‌ಪಿ ಅರವತ್ತೆರಡು! ಮೇಷ್ಟ್ರು ಹಾಸಿಗೆ ಹಿಡಿದರು.

"ನಿನಗಿಂತ ಇಪ್ಪತ್ತು ಪಟ್ಟು ಜೋರು ಸಂಧಿವಾತ ಕಣೇ ನನಗೆ." ದನಿಯಲ್ಲಿ ದುಃಖಕ್ಕಿಂತ ಜಂಬವೇ ಒಂದು ಕೈ ಮೇಲಿತ್ತು.

"ಯಾವ ಕೀಲು ನೋಯ್ತಿದೆ?"

"ಯಾವುದೂ ಇಲ್ಲ. ಅಂಕಿ ಮೊದಲು ಬಂದಿದೆ. ನೋವು ಹಿಂದೆ ಬರ್ತಿದೆ."

ಇಬ್ಬರೂ ಡಾಕ್ಟರಮ್ಮನ ಮುಂದೆ ಕೂತರು. ಅವರು ವರದಿಗಳ ಮೇಲೆ ಕಣ್ಣಾಡಿಸಿ ಪಕ್ಕಕ್ಕಿಟ್ಟು, ದರ್ಜಿಯಮ್ಮನ ಒಂದೊಂದೇ ಗೆಣ್ಣು ಒತ್ತಿ ನೋಡಿದರು. ಒಂಬತ್ತು ಕಡೆ ಅವಳು ಹಾ ಎಂದಳು.

"ರೋಗ ಜೋರಾಗೇ ಇದೆಯಲ್ಲಮ್ಮ! ಯಾಕೆ ಬೇಗ ಬರ್ಲಿಲ್ಲ?"

"ನಾನು ನಾರ್ಮಲ್ ಇದ್ನಲ್ಲ, ಡಾಕ್ಟ್ರೇ."

ಮೇಷ್ಟ್ರು ಕೆಮ್ಮಿದರು. "ಆದ್ರೆ ಮೂರು ಅಂದ್ರೆ..."

"ಕೆಲವರಿಗೆ ಕೀಲು ಉರೀತಿದ್ರೂ ಇದು ಏರೋದೇ ಇಲ್ಲ, ಮೇಷ್ಟ್ರೇ. ರಕ್ತಾನೂ ನೋಡ್ಬೇಕು, ಊದಿರೋ ಕೀಲೂ ಎಣಿಸ್ಬೇಕು, ನೋವಿರೋರನ್ನೂ ಕೇಳ್ಬೇಕು."

"ಮತ್ತೆ ನನ್ನ ಅರವತ್ತೆರಡು?"

"ಬಾಯಿ ತೆಗೀರಿ." ಡಾಕ್ಟರಮ್ಮ ಟಾರ್ಚ್ ಹಿಡಿದರು. "ಹುಳುಕು ಹಲ್ಲಿನ ಬುಡದಲ್ಲಿ ಕೀವು ಕಟ್ಟಿದೆ. ಅದಕ್ಕೂ ಏರತ್ತೆ. ನಿಮಗೆ ಸಂಧಿವಾತಾನೂ ಇಲ್ಲ, ಏನೂ ಇಲ್ಲ. ಮೊದಲು ಹಲ್ಲಿನ ಡಾಕ್ಟ್ರ ಹತ್ರ ಹೋಗಿ."

ದರ್ಜಿಯಮ್ಮನಿಗೆ ಔಷಧಿ ಬದಲಾಯಿತು. ಮೇಷ್ಟ್ರಿಗೆ ಹಲ್ಲು ಹೋಯಿತು. ಸಂಜೆಯವರೆಗೆ ಮಾತಾಡಬಾರದೆಂದು ಹೇಳಿ, ಹಲ್ಲಿನ ಡಾಕ್ಟರು ಬಾಯಿಗೆ ಹತ್ತಿ ತುರುಕಿ ಕಳಿಸಿದರು. ಮನೆಯಲ್ಲಿ ಅವಳು ಅವರ ಎದುರು ಕುರ್ಚಿ ಎಳೆದುಕೊಂಡು ಕೂತು, ಎರಡು ವರ್ಷದ ನೋವನ್ನು ಬೆರಳು ಬೆರಳಾಗಿ ಹೇಳಿದಳು. ಮೇಷ್ಟ್ರು ಮಧ್ಯೆ ಬಾಯಿ ಹಾಕುವಂತಿರಲಿಲ್ಲ, ಕೇಳಲೇಬೇಕಾಯಿತು. ಕೇಳುತ್ತಾ ಕೇಳುತ್ತಾ ಅವರ ಮುಖ ಸಣ್ಣದಾಯಿತು.

ಹೊಸ ಔಷಧಿ ಹಿಡಿಯಲು ಮೂರು ತಿಂಗಳು ಬೇಕಾಯಿತು. ಅಷ್ಟು ದಿನವೂ ಮೇಷ್ಟ್ರು ಬೆಳಗ್ಗೆ ಎದ್ದವರೇ, "ಇವತ್ತು ಹೇಗಿದೆಯೇ?" ಎಂದು ಕೇಳಿ, ಅವಳು ಹೇಳಿ ಮುಗಿಸುವವರೆಗೆ ಅಲ್ಲೇ ನಿಂತಿರುತ್ತಿದ್ದರು.