ಕಲೆ ಬೀಳದ ಮುಲಾಮು

ನನ್ನ ಹೆಂಡತಿ ಕಾಜ ಹಾಕುವವಳು. ಗುಂಡಿ ತೂರಿಸಲು ಬಟ್ಟೆಯನ್ನು ಸೀಳುತ್ತೇವಲ್ಲ, ಆ ಸೀಳಿನ ಸುತ್ತ ದಾರದಿಂದ ಅಂಚು ಕಟ್ಟುವುದೇ ಕಾಜ. ಅಂಗಡಿಯಲ್ಲಿ ಕತ್ತರಿಸುವುದು, ಹೊಲಿಯುವುದು ನನ್ನ ಪಾಲು. ಕಾಜ ಅವಳದು. ಮದುವೆಯಾದ ಹೊಸದರಲ್ಲಿ ಒಮ್ಮೆ ನಾನೇ ಹಾಕಲು ಹೋಗಿದ್ದೆ. "ಇದೇನ್ರೀ, ಕಾಜನಾ, ಇಲಿ ಕಡಿದಿದ್ದಾ?" ಅಂದಿದ್ದಳು. ಆಮೇಲೆ ನಾನು ಅದರ ತಂಟೆಗೆ ಹೋಗಿಲ್ಲ.

ಎದುರು ಸಾಲಿನಲ್ಲಿ ಒಬ್ಬ ಕಾಜದ ಯಂತ್ರ ತಂದಿಟ್ಟ ಮೇಲೂ ಹೋಟೆಲಿನ ಯಜಮಾನ ನಮ್ಮಲ್ಲಿಗೇ ಬರುತ್ತಿದ್ದ. ಬಡಿಸುವವರ ಬಿಳಿ ಕೋಟು ದಿನಾ ಒಗೆತ ಕಾಣುವಂಥದ್ದು. ಯಂತ್ರದ ಕಾಜ ಬೇಗ ಬಿಚ್ಚಿಕೊಳ್ಳುತ್ತದೆ, ಇವಳು ಹಾಕಿದ್ದು ಕೋಟು ಹರಿದರೂ ಉಳಿಯುತ್ತದೆ ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಅವಳು ತಲೆ ಎತ್ತುತ್ತಿರಲಿಲ್ಲ, ಆದರೆ ದಾರ ಎಳೆಯುವ ಕೈ ಕೊಂಚ ಚುರುಕಾಗುತ್ತಿತ್ತು.

ಸಂಧಿವಾತ ಮೊದಲು ಹಿಡಿದಿದ್ದು ಹೆಬ್ಬೆರಳನ್ನು. ಆಮೇಲೆ ಗೆಣ್ಣು ಗೆಣ್ಣಿಗೂ ಇಳಿಯಿತು. ಬೆಳಿಗ್ಗೆ ಎದ್ದರೆ ಬೆರಳುಗಳು ಮರದ ಕೊರಡಿನ ಹಾಗೆ. ಡಾಕ್ಟರು ಕೊಟ್ಟ ಮಾತ್ರೆ ಅವಳ ಹೊಟ್ಟೆಗೆ ಆಗಿಬರಲಿಲ್ಲ. ಅದಕ್ಕಿಂತ ಜೋರಿನದು ಈ ವಯಸ್ಸಿಗೆ ಬೇಡ, ಹೊರಗಿನಿಂದ ಏನಾದರೂ ಹಚ್ಚಿಕೊಳ್ಳಿ ಅಂದರು. ಔಷಧಿ ಅಂಗಡಿಯ ಮುಲಾಮುಗಳೆಲ್ಲ ಮೂಗಿಗೆ ಖಾರವಾಗಿದ್ದವೇ ಹೊರತು ಬೆರಳಿಗೆ ಏನೂ ಮಾಡಲಿಲ್ಲ.

ಮನೆಯಲ್ಲೇ ಮಾಡುವ ಮದ್ದು ಹೇಳಿಕೊಟ್ಟವಳು ನನ್ನ ನಾದಿನಿ. ಎಣ್ಣೆಗೆ ಒಣಮೆಣಸಿನಕಾಯಿ, ಶುಂಠಿ ಹಾಕಿ ಸಣ್ಣ ಉರಿಯಲ್ಲಿಡಬೇಕು, ಸೋಸಿ, ಮೇಣ ಕರಗಿಸಿ ಸೇರಿಸಬೇಕು, ಕೊನೆಗೆ ಕರ್ಪೂರ. ಜೇನುಮೇಣಕ್ಕೆ ನಮ್ಮಲ್ಲಿ ಬರವಿಲ್ಲ, ಕಾಜದ ದಾರಕ್ಕೆ ಉಜ್ಜುವುದು ಅದನ್ನೇ. ನಾನು ಒಲೆ ಮುಂದೆ ನಿಂತು ತಿರುವುತ್ತಿದ್ದರೆ ನಾದಿನಿ ಬಾಗಿಲಲ್ಲಿ ನಿಂತು ನಕ್ಕಳು.

"ಭಾವ, ಇದು ಬೆರಳಿಗೆ ಹಚ್ಚೋದಾ, ಬ್ರೆಡ್ಡಿಗೆ ಹಚ್ಚೋದಾ?"

"ನಿನ್ನ ಬಾಯಿಗೆ ಹಚ್ತೀನಿ, ಇರು," ಅಂದೆ.

ಹಚ್ಚಿದ ಮೊದಲ ದಿನ ಹೆಂಡತಿಯ ಕೈ ಕೆಂಪಗಾಯಿತು. ಬೆಚ್ಚಗಾಯಿತು ಅಂದಳು. ಸ್ವಲ್ಪ ಹೊತ್ತಿಗೆ ಬೆರಳು ಮಡಚಿ ತೋರಿಸಿದಳು. ಎಷ್ಟೋ ಕಾಲದ ಮೇಲೆ ತನ್ನ ಜಡೆ ತಾನೇ ಹೆಣೆದುಕೊಂಡಳು. ಆ ವಾರ ಹೋಟೆಲಿನ ಕೋಟುಗಳ ಕಾಜವನ್ನೆಲ್ಲ ಕೂತಲ್ಲೇ ಮುಗಿಸಿದಳು.

ಯಜಮಾನ ಕೋಟುಗಳನ್ನು ವಾಪಸ್ಸು ಹೊತ್ತು ತಂದ. ಪ್ರತಿ ಕಾಜದ ಪಕ್ಕದಲ್ಲೂ ಹೆಬ್ಬೆರಳಗಲದ ಕೆಂಪು ಜಿಡ್ಡು.

"ನಮ್ಮವರು ಇನ್ನೂ ಒಬ್ಬರಿಗೂ ಬಡಿಸಿಲ್ಲಮ್ಮ, ಆಗಲೇ ಚೆಲ್ಲಿಕೊಂಡ ಹಾಗಿದೆ," ಅಂದ. ನಗುತ್ತಲೇ ಅಂದ. ಅವಳು ನಗಲಿಲ್ಲ.

ಸೋಪು ಹಾಕಿ ಎಷ್ಟು ತಿಕ್ಕಿದರೂ ಚರ್ಮಕ್ಕೆ ಇಳಿದ ಎಣ್ಣೆ ಬೆವರಿನ ಜೊತೆ ಮೇಲೆ ಬರುತ್ತಿತ್ತು. ರಾತ್ರಿ ಮಾತ್ರ ಹಚ್ಚಿದರೆ ಬೆಳಿಗ್ಗೆಗೆ ಬೆರಳು ಮತ್ತೆ ಕೊರಡು. ಹಾಗಾಗಿ ಕಲೆ ಬೀಳದ ಮುಲಾಮು ಮಾಡುತ್ತೇನೆಂದು ನಾನು ಹಟ ಹಿಡಿದೆ. ಎಣ್ಣೆ ಕಡಿಮೆ ಮಾಡಿದೆ, ಮೇಣ ಹೆಚ್ಚಿಸಿದೆ. ಬಣ್ಣ ಬಿಡುತ್ತದೆಂದು ಮೆಣಸಿನಕಾಯಿ ತೆಗೆದೆ. ಜಿಡ್ಡು ಹೀರಲಿ ಎಂದು ಜೋಳದ ಹಿಟ್ಟು ಬೆರೆಸಿದೆ. ಒಂದೊಂದು ಸಲ ಮಾಡಿದಾಗಲೂ ಬಿಳಿ ಬಟ್ಟೆಯ ತುಂಡಿಗೆ ಸವರಿ, ಮೇಲೆ ಇಸ್ತ್ರಿ ಎಳೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು. ದರ್ಜಿಗೆ ಬೇರೆ ಪರೀಕ್ಷೆ ಏನು ಗೊತ್ತು? ಕಲೆ ಕಂಡರೆ ಡಬ್ಬಿ ಬದಿಗೆ, ಮತ್ತೆ ಒಲೆ. ಅವಳೂ ಪಕ್ಕದಲ್ಲಿ ನಿಂತು, "ಇಲ್ಲಿ ಇನ್ನೂ ಸ್ವಲ್ಪ ಹಳದಿ ಇದೆ ನೋಡ್ರೀ," ಎಂದು ತೋರಿಸುತ್ತಿದ್ದಳು.

ಕೊನೆಗೊಂದು ದಿನ ಬಟ್ಟೆ ಹಾಲಿನ ಹಾಗೆ ಉಳಿಯಿತು. ನಾನು ಕುಣಿಯುವುದೊಂದು ಬಾಕಿ.

"ಹಚ್ಕೊಂಡು ನೋಡು, ಹೇಗಿದೆ?"

"ಹಾಯಾಗಿದೆ," ಅಂದಳು.

ಹೋಟೆಲಿನ ಕೋಟುಗಳು ಮತ್ತೆ ಬಂದವು. ಕೆಲಸ ನಿಧಾನವಾಯಿತು. ವಯಸ್ಸಾಯಿತಲ್ಲ ಅಂದುಕೊಂಡೆ. ಆಮೇಲೆ ಒಂದು ಮಧ್ಯಾಹ್ನ ಹೊಸದಾಗಿ ಮಾಡಿದ ಮುಲಾಮನ್ನು ಬಿಸಿ ಆರುವ ಮೊದಲೇ ಹಿಡಿದುಕೊಂಡು ಒಳಕೋಣೆಗೆ ಹೋದೆ. ಅವಳು ಗೋಡೆಗೆ ಮುಖ ಮಾಡಿ ಕೂತಿದ್ದಳು. ಅಂಗೈಯಿಂದ ಸೂಜಿಯನ್ನು ಬಟ್ಟೆಯೊಳಕ್ಕೆ ಒತ್ತಿ, ಆಚೆ ಬಂದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಳು.

ನನ್ನನ್ನು ಕಂಡು ಸೂಜಿ ಬಿಟ್ಟಳು. ತುಟಿ ಒರೆಸಿಕೊಂಡಳು.

"ಹಾಯಾಗಿದೆ ಅಂದೆಯಲ್ಲೇ," ಅಂದೆ.

"ಬಟ್ಟೆಗೆ ಹಾಯಾಗಿದೆ ರೀ. ಕಲೆ ಬೀಳ್ತಿಲ್ಲವಲ್ಲ."

"ಮತ್ತೆ ಹೇಳೋದಲ್ವಾ?"

"ಏನಂತ ಹೇಳ್ಲಿ? ಆ ಚಿಂದಿ ಹಿಡ್ಕೊಂಡು ಕಿಟಕಿ ಹತ್ರ ಮಗು ಥರ ನಗ್ತಾ ಇದ್ರಿ. ನಾನೂ ಕಲೆ ಹೋದರೆ ಸಾಕು ಅಂತಲೇ ನೋಡ್ತಿದ್ದೆ. ಬೆರಳಿನ ನೆನಪು ಇಬ್ಬರಿಗೂ ಬರಲಿಲ್ಲ."

ಡಬ್ಬಿ ಕೆಳಗಿಟ್ಟೆ. "ಮೊದಲಿನದೇ ಮಾಡ್ತೀನಿ. ಮೆಣಸಿನಕಾಯಿದು. ಬಿಳಿ ಬಟ್ಟೆ ಒಪ್ಪಿಕೊಳ್ಳೋದೇ ಬೇಡ. ಕಪ್ಪು, ನೀಲಿ ಹೊಲಿಯೋಣ."

"ಅದೂ ಆಯ್ತು. ಹಳೇ ಡಬ್ಬಿಲಿ ಉಳಿದದ್ದನ್ನ ನಿಮಗೆ ಗೊತ್ತಾಗದ ಹಾಗೆ ಹಚ್ಕೊಂಡು ನೋಡಿದೆ. ಕೈ ಉರೀತು ಅಷ್ಟೇ. ಬೆರಳು ಬಗ್ಗಲಿಲ್ಲ."

ಇನ್ನೂ ಏನಾದರೂ ಇರಬಹುದು, ನಾದಿನಿಯನ್ನು ಕೇಳೋಣ, ಬೇರೆ ಎಣ್ಣೆ ಹಾಕೋಣ ಎಂದೇನೋ ಶುರು ಮಾಡಿದೆ. ಅವಳು ಕೈ ಎತ್ತಿ ತಡೆದಳು. ಕೈ ಪೂರ್ತಿ ಬಿಚ್ಚಲಿಲ್ಲ, ಅರ್ಧ ಮಡಚಿಕೊಂಡೇ ಇತ್ತು.

"ಸಾಕು ಬಿಡಿ. ನೋವು ಹೇಗೋ ತಡ್ಕೋತೀನಿ. ವಾಸಿ ವಾಸಿ ಅಂತ ನಿಮಗೆ ಹೇಳೋದೇ ಸುಸ್ತು."

ಆಮೇಲೆ ಕೋಟುಗಳನ್ನು ಮಣಿಕಟ್ಟಿನಿಂದ ನನ್ನ ಕಡೆ ದೂಡಿದಳು. "ಯಂತ್ರದವನಿಗೆ ಕೊಟ್ಟು ಬನ್ನಿ. ನಾನು ಹೋಗಲ್ಲ. ಹೋದರೆ ಅಯ್ಯೋ ಬನ್ನಿ ಅಮ್ಮ ಅಂತ ಕುರ್ಚಿ ಕೊಡ್ತಾನೆ. ಅದು ನಂಗೆ ಬೇಡ."

ರಸ್ತೆ ದಾಟಿದೆ. ಅಲ್ಲಿಗೆ ಹೋಗಿದ್ದು ಅದೇ ಮೊದಲು. ಯಂತ್ರದವನು ಎದ್ದು ನಿಂತ. ಒಂದೊಂದೇ ಕೋಟು ಬಿಡಿಸಿ ನೋಡುತ್ತಾ ಹೋದ. ಮೇಲಿನ ಕೋಟಿನಲ್ಲಿ ಅವಳು ಅರ್ಧಕ್ಕೆ ಬಿಟ್ಟ ಕಾಜ ಇತ್ತು. ಒಂದು ಬದಿ ಮುಗಿದಿತ್ತು, ತಿರುವಿನಲ್ಲಿ ದಾರ ನೇತಾಡುತ್ತಿತ್ತು. ಆ ಮುಗಿದ ಬದಿಯನ್ನು ಅವನು ಬೆಳಕಿಗೆ ಹಿಡಿದು ನೋಡಿದ. ಇಷ್ಟು ಸಮನಾಗಿ ಹಲ್ಲಿನಲ್ಲಿ ಎಳೆದಿದ್ದಾಳೆಂದು ಅವನಿಗೆ ಹೇಗೆ ಹೇಳುವುದು?

"ಇದರ ಮೇಲೆ ಯಂತ್ರ ಓಡಲ್ಲ ಯಜಮಾನ್ರೇ. ದಾರ ಬಿಚ್ಚಲೇಬೇಕು," ಎಂದು ಸಣ್ಣ ಬ್ಲೇಡೊಂದನ್ನು ನನ್ನ ಮುಂದೆ ಹಿಡಿದ. "ನೀವೇ ಬಿಚ್ತೀರಾ, ನಾನು ಬಿಚ್ಲಾ?"

ಬ್ಲೇಡು ಕೈಗೆ ತೆಗೆದುಕೊಂಡೆ. ದಾರದ ಕೆಳಗೆ ತುದಿ ತೂರಿಸಿದೆ. ಎಳೆಯಲು ಆಗಲಿಲ್ಲ. ಬೇರೆ ಗಿರಾಕಿಗಳು ನನ್ನ ಹಿಂದೆ ಕಾಯುತ್ತಿದ್ದರು.

"ನೀನೇ ಬಿಚ್ಚಪ್ಪ," ಅಂದು ಬ್ಲೇಡು ವಾಪಸ್ಸು ಕೊಟ್ಟೆ.