ಎಪ್ಪತ್ತಕ್ಕೆ ಇಳಿಸಿದ ದಿನ

ಉಪವಾಸದ ತಿಂಗಳು ಮುಗಿದ ಮೇಲಿನ ಲೆಬಾರಾನ್ ಹಬ್ಬದಲ್ಲಿ ಹಿರಿಯರ ಮನೆಗೆ ಹೋಗಿ, ವರ್ಷದ ತಪ್ಪುಗಳಿಗೆಲ್ಲ ಕ್ಷಮೆ ಕೇಳಿ, ಆಮೇಲೆ ಅವರು ಬಡಿಸಿದ್ದನ್ನು ಬೇಡ ಎಂದರೆ ಕೇಳಿದ ಕ್ಷಮೆಯೂ ನೀರುಪಾಲು. ವಿನಾರ್ತಿಗೆ ಇದು ಗೊತ್ತಿತ್ತು. ಹಬ್ಬ ಮುಗಿದ ವಾರದೊಳಗೆ ಲಾಂಪುಂಗ್ ಪ್ರಾಂತ್ಯದ ತಂಡಕ್ಕೆ ಭಾರ ಎತ್ತುವವರ ಆಯ್ಕೆ ಇದೆ, ಐವತ್ತೈದು ಕಿಲೊ ವರ್ಗದಲ್ಲಿ ಇರುವುದು ಒಂದೇ ಜಾಗ ಎಂಬುದೂ ಗೊತ್ತಿತ್ತು. ಆದರೂ ಅಜ್ಜಿಯ ಮನೆಯಲ್ಲಿ ತೆಂಗಿನ ಹಾಲಿನ ಕೋಳಿ ಸಾರು, ದೊಡ್ಡಪ್ಪನ ಮನೆಯಲ್ಲಿ ಗರಿಯ ಬುಟ್ಟಿಯಲ್ಲಿ ಬೇಯಿಸಿದ ಅನ್ನ, ಅತ್ತೆಯ ಮನೆಯಲ್ಲಿ ಅನಾನಸ್ ತುಂಬಿದ ಬಿಸ್ಕತ್ತು. ಒಂದು ತುತ್ತು, ಒಂದೇ ತುತ್ತು ಎನ್ನುತ್ತಲೇ ತಿಂದಳು. ತರಬೇತಿ ಮನೆಗೆ ಮರಳಿ ತಕ್ಕಡಿ ಹತ್ತಿದರೆ ಎರಡೂವರೆ ಕಿಲೊ ಹೆಚ್ಚು.

ಅವಳ ಗುರು ದಾರ್ಮಾಜಿ ಸಂಖ್ಯೆ ನೋಡಿದರು, ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು. ಬೈಯಲಿಲ್ಲ. ಮೇಲಿನ ವರ್ಗದಲ್ಲಿ ಎತ್ತು, ಮೈ ಒಣಗಿಸಬೇಡ ಎಂದರು. ವಿನಾರ್ತಿ ಒಪ್ಪಲಿಲ್ಲ. ಮೇಲಿನ ವರ್ಗದ ಹುಡುಗಿಯರು ಎತ್ತುವುದು ತನ್ನ ಕೈಗೆ ಎಟುಕುವ ಭಾರವಲ್ಲ. ಈ ಸಲ ತಂಡ ತಪ್ಪಿದರೆ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಇನ್ನು ನಾಲ್ಕು ವರ್ಷ ಕಾಯಬೇಕು, ಆಗ ತನ್ನ ಮೊಣಕಾಲುಗಳು ಯಾರ ಮಾತು ಕೇಳುತ್ತವೋ ಯಾರು ಬಲ್ಲರು.

ದಾರ್ಮಾಜಿ ಹೇಳಿದರು: "ಸರಿ. ತೂಕದ ವಿಷ್ಯದಲ್ಲಿ ನಿನ್ನ ಮಾತು ನಡೀಲಿ. ಎತ್ತೋ ದಿನ ಮಾತ್ರ ನನ್ನ ಮಾತು. ಆಗ ಬಾಯಿ ತೆಗೀಬಾರ್ದು."

"ಆಗ್ಲಿ ಬಾಪಾಕ್," ಎಂದಳು ವಿನಾರ್ತಿ, ಗುರುವನ್ನು ಎಂದಿನಂತೆ ಅಪ್ಪ ಎಂದು ಕರೆದು. ಮಾತು ಕೊಡುವುದು ಸುಲಭ, ಅದಕ್ಕೆ ತೂಕವಿಲ್ಲ.

ಅಂದಿನಿಂದ ಅನ್ನ ಅಂಗೈಯಷ್ಟು, ಉಪ್ಪು ಇಲ್ಲ. ಕೊನೆಯ ದಿನ ನೀರೂ ಇಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಪ್ಲಾಸ್ಟಿಕ್ ಮಳೆಯಂಗಿ ತೊಟ್ಟು ಓಡಿದಳು. ಹುಣಸೆ ಮಿಠಾಯಿ ಚೀಪುತ್ತ, ಬಾಯಲ್ಲಿ ಊರಿದ್ದನ್ನೆಲ್ಲ ಡಬ್ಬಿಗೆ ಉಗುಳುತ್ತ ಕೂತಳು. ಅಡುಗೆ ನೋಡಿಕೊಳ್ಳುತ್ತಿದ್ದ ದಾರ್ಮಾಜಿಯ ಹೆಂಡತಿ ಸುಮಿರಾ ಬಾಗಿಲಲ್ಲಿ ನಿಂತು ನೋಡಿದಳು.

"ಮೈ ಅನ್ನೋದು ಒರೆಸೋ ಬಟ್ಟೆ ಅಲ್ಲ ಮಗಳೇ, ಹಿಂಡಿ ಹಿಂಡಿ ಹಗ್ಗದ ಮೇಲೆ ಹಾಕೋಕೆ," ಎಂದಳು.

ವಿನಾರ್ತಿ ಡಬ್ಬಿಗೆ ಇನ್ನೊಮ್ಮೆ ಉಗುಳಿದಳು. ಮಾತಾಡಿದರೆ ಬಾಯಿ ಒಣಗುತ್ತಿತ್ತು, ಅದು ಒಳ್ಳೆಯದೇ, ಆದರೆ ಅಳುವೂ ಬರುತ್ತಿತ್ತು.

ಆಯ್ಕೆಯ ದಿನ ಬೆಳಿಗ್ಗೆ ತಕ್ಕಡಿ ಅವಳನ್ನು ಕೂದಲೆಳೆಯಲ್ಲಿ ಪಾಸು ಮಾಡಿತು. ಎತ್ತುವುದಕ್ಕೆ ಇನ್ನು ಎರಡು ತಾಸು. ಇಂಥ ಹೊತ್ತಿನಲ್ಲಿ ಹುಡುಗಿಯರು ಮಾಡುವ ತಪ್ಪು ಸುಮಿರಾಳಿಗೆ ಗೊತ್ತು. ತಕ್ಕಡಿಯಿಂದ ಇಳಿದವರೇ ಐಸ್ ಹಾಕಿದ ಸಿಹಿ ಚಹಾ ಗಟಗಟ ಕುಡಿದು, ಮಾಂಸದುಂಡೆಯ ಸೂಪು ಸುರಿದುಕೊಂಡು, ಕಡೆಗೆ ಬಕೆಟ್ಟಿನ ಮುಂದೆ ಕೂರುತ್ತಾರೆ. ಅವಳು ವಿನಾರ್ತಿಯ ಕೈಯಿಂದ ಲೋಟ ಕಿತ್ತುಕೊಂಡು, ಮನೆಯಿಂದ ತಂದ ಉಪ್ಪು ಹಾಕಿದ ಗಂಜಿಯನ್ನು ಚಮಚ ಚಮಚವಾಗಿ ಕುಡಿಸಿದಳು. ಜೀವ ಬಂತು. ಬಲ ಬರಲಿಲ್ಲ.

ಅದು ಒಳಕೋಣೆಯಲ್ಲಿ ಮೈ ಬಿಸಿ ಮಾಡಿಕೊಳ್ಳುವಾಗ ಗೊತ್ತಾಯಿತು. ಮೊದಲ ಪಂದ್ಯ ಸ್ನ್ಯಾಚ್. ಸಲಾಕೆಯನ್ನು ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆ ಒಯ್ಯಬೇಕು. ಶುರುವಿಗೆ ಎಪ್ಪತ್ತಾರು ಎತ್ತುತ್ತೇನೆಂದು ಅವಳು ಹೆಸರು ಕೊಟ್ಟಾಗಿತ್ತು. ದಿನಾ ಬೆಳಗಿನ ತಿಂಡಿಯ ಹಾಗೆ ಎತ್ತುತ್ತಿದ್ದ ಭಾರ. ಈಗ ಅರವತ್ತೈದೇ ಅವಳ ಮೊಣಕೈಯನ್ನು ನಡುಗಿಸಿತು. ಎಲ್ಲರಿಗೂ ಸಿಗುವುದು ಮೂರು ಸರದಿ. ಮೂರೂ ತಪ್ಪಿದರೆ ಅಂದಿನ ಲೆಕ್ಕವೇ ಸೊನ್ನೆ, ಗಂಟು ಕಟ್ಟಿ ಮನೆಗೆ. ಒಮ್ಮೆ ವೇದಿಕೆಯ ಮೇಲೆ ಹೇರಿದ ಭಾರವನ್ನು ಮತ್ತೆ ಇಳಿಸುವಂತೆಯೂ ಇಲ್ಲ. ಹೆಸರು ಕೂಗುವ ಮೊದಲೇ ಇಳಿಸಿಕೊಳ್ಳಬೇಕು.

ದಾರ್ಮಾಜಿ ಭಾರ ಬರೆಸುವ ಮೇಜಿನ ಬಳಿ ಹೋಗಿ ಬಂದರು. ಗೋಡೆಯ ಮೇಲಿನ ಪರದೆಯಲ್ಲಿ ಅವಳ ಹೆಸರಿನ ಮುಂದೆ ಎಪ್ಪತ್ತಾರು ಅಳಿಸಿ ಎಪ್ಪತ್ತು ಮೂಡಿತು. ಹೆಸರು ಜಾರಿ ಪಟ್ಟಿಯ ಮೇಲ್ತುದಿಗೆ, ಶಾಲೆ ಕಲಿಯುವ ಹುಡುಗಿಯರ ನಡುವೆ ಹೋಗಿ ನಿಂತಿತು.

ಭಾರ ಎತ್ತುವವರಲ್ಲಿ ಒಂದು ಅಳತೆ ಇದೆ. ಕಡಿಮೆ ಹೇಳಿದವರು ಮೊದಲು ಬರುತ್ತಾರೆ, ಹೆಚ್ಚು ಹೇಳಿದವರು ಕಡೆಗೆ. ವಿನಾರ್ತಿಯ ಹಾಗೆ ಹೋದ ವರ್ಷ ಪದಕ ಗೆದ್ದವಳು ಮೊದಲ ಸಾಲಿನಲ್ಲಿ ಬಂದರೆ ಜನ ಅವಳ ಮುಖ ನೋಡುವುದಿಲ್ಲ, ಪಕ್ಕದವರ ಕಿವಿ ನೋಡುತ್ತಾರೆ. ಒಳಕೋಣೆಯಲ್ಲಿ ಪಿಸುಮಾತು ಎದ್ದಿತು. ಭುಜ ಹೋಗಿದೆಯಂತೆ ಎಂದರು ಒಬ್ಬರು. ಮದುವೆ ಗೊತ್ತಾಗಿದೆಯಂತೆ ಎಂದರು ಇನ್ನೊಬ್ಬರು. ಆ ಒಂದೇ ಜಾಗಕ್ಕೆ ವಿನಾರ್ತಿಯ ಎದುರಾಳಿ ನುರೈಸಾ ಮೂಲೆಯ ಕುರ್ಚಿಯಲ್ಲಿ ಟವೆಲ್ ಹೊದ್ದು ಕೂತಿದ್ದಳು. ಅವಳ ಹೆಸರಿನ ಮುಂದೆ ಎಪ್ಪತ್ತೆಂಟು.

"ಬಾಪಾಕ್, ಇದೇನು ಮಾಡಿದ್ರಿ? ಆ ಮಕ್ಕಳ ಜೊತೆ ಎತ್ಲಾ ನಾನು?"

"ಬಾಯಿ ತೆಗೀಬಾರ್ದು ಅಂದಿದ್ದೆ."

"ಎಲ್ಲರ ಮುಂದೆ ಮರ್ಯಾದೆ ಹೋಗತ್ತೆ."

"ಹೋಗ್ಲಿ ಬಿಡು. ಅದೂ ಸ್ವಲ್ಪ ತೂಕಾನೇ, ಇಳಿದ್ರೆ ನಿಂಗೇ ಹಗುರ," ಎಂದು ಅವರು ಅಂಗೈಗೆ ಹಚ್ಚುವ ಸೀಮೆಸುಣ್ಣದ ಪುಡಿಯ ಬಟ್ಟಲನ್ನು ಅವಳ ಕಡೆ ತಳ್ಳಿದರು. "ಎಪ್ಪತ್ತು ಎತ್ತಿ ಬಾ. ಸಿಟ್ಟು ಆಮೇಲೆ ಮಾಡ್ಕೋ."

ಹದಿನಾಲ್ಕರ ಪೋರಿಯೊಬ್ಬಳು ಅರವತ್ತೆಂಟು ಎತ್ತಿ ಕುಣಿಯುತ್ತ ಇಳಿದ ಮೇಲೆ ವಿನಾರ್ತಿ ವೇದಿಕೆ ಹತ್ತಿದಳು. ನಾಚಿಕೆಗೆ ಕಿವಿ ಬಿಸಿಯಾಗಿತ್ತು. ಸಲಾಕೆ ಹಿಡಿದಳು, ಎಳೆದಳು, ಅದರಡಿ ಕುಳಿತಳು. ಭಾರ ತಲೆಯ ಮೇಲೆ ನಿಂತಿತು. ಎಪ್ಪತ್ತು ಎಪ್ಪತ್ತರಷ್ಟೇ ಭಾರವಿತ್ತು, ನಾಚಿಕೆಯಷ್ಟಿರಲಿಲ್ಲ. ಲೆಕ್ಕಕ್ಕೆ ಒಂದು ಸಂಖ್ಯೆ ಬಿದ್ದ ಮೇಲೆ ಕೈಕಾಲು ತಮ್ಮ ಕೆಲಸ ನೆನಪು ಮಾಡಿಕೊಂಡವು. ಎರಡನೇ ಸರದಿಗೆ ಎಪ್ಪತ್ತನಾಲ್ಕು, ಮೂರನೆಯದಕ್ಕೆ ಎಪ್ಪತ್ತೇಳು. ನುರೈಸಾ ಎಂಬತ್ತು ಎತ್ತಿದಳು. ಮೂರು ಕಿಲೊ ಅಂತರ.

ಎರಡನೇ ಪಂದ್ಯದಲ್ಲಿ ಭಾರವನ್ನು ಮೊದಲು ಹೆಗಲಿಗೆ ತಂದು, ಎದ್ದು ನಿಂತು, ಅಲ್ಲಿಂದ ತಲೆಯ ಮೇಲೆ ಚಿಮ್ಮಿಸಬೇಕು. ವಿನಾರ್ತಿ ತೊಂಬತ್ತೆರಡು, ತೊಂಬತ್ತಾರು ಎತ್ತಿದಳು. ನುರೈಸಾ ತೊಂಬತ್ತೇಳರವರೆಗೆ ಬಂದಳು. ಅವಳಿಗೆ ಇನ್ನೂ ಒಂದು ಸರದಿ ಉಳಿದಿತ್ತು. ಆದರೆ ಅವಳ ಗುರು ಮೇಜಿನ ಬಳಿ ಹೋಗಿ, ಇಷ್ಟು ಸಾಕು, ಕೊನೆಯ ಸರದಿ ಬಿಟ್ಟೆವು ಎಂದು ಹೇಳಿಬಿಟ್ಟರು. ಎಪ್ಪತ್ತರಿಂದ ಶುರು ಮಾಡಿದವಳು ಇನ್ನೆಷ್ಟು ದೂರ ಬಂದಾಳು ಎಂಬುದು ಅವರ ಎಣಿಕೆ. ಬಿಟ್ಟ ಸರದಿಯನ್ನು ಮರಳಿ ಪಡೆಯುವ ದಾರಿ ಈ ಆಟದಲ್ಲಿಲ್ಲ.

ದಾರ್ಮಾಜಿ ನಿಧಾನವಾಗಿ ನಡೆದು ಹೋದರು. ಪರದೆಯ ಮೇಲೆ ನೂರಾ ಒಂದು ಮೂಡಿತು. ನೂರಾದರೆ ಇಬ್ಬರ ಮೊತ್ತ ಸಮ. ಸಮವಾದರೆ ಆ ಮೊತ್ತವನ್ನು ಮೊದಲು ಮುಟ್ಟಿದ ನುರೈಸಾಳೇ ಮೇಲು. ನೂರಾ ಒಂದೇ ಆಗಬೇಕು.

ವಿನಾರ್ತಿ ಇದುವರೆಗೆ ಎತ್ತಿದ್ದೇ ನೂರು. ಅದೂ ಹೊಟ್ಟೆ ತುಂಬಿದ ದಿನ. "ಆಗತ್ತಾ ಬಾಪಾಕ್?"

"ನಂಗೇನು ಗೊತ್ತು," ಎಂದರು ದಾರ್ಮಾಜಿ. "ಆಗದಿದ್ರೂ ನೀನು ಎರಡನೆಯವಳು. ಕಳ್ಕೊಳ್ಳೋದೆಲ್ಲ ಬೆಳಿಗ್ಗೆನೇ ಕಳ್ಕೊಂಡಾಯ್ತು. ಹೆಗಲಿಗೆ ಬಂದ್ಮೇಲೆ ಅವಸರ ಮಾಡ್ಬೇಡ, ಒಂದು ಉಸಿರು ತಗೋ."

ಹೆಗಲಿಗೆ ಬಂತು. ಏಳುವುದೇ ಕಷ್ಟವಾಯಿತು. ತೊಡೆಗಳು ಅರ್ಧದಲ್ಲಿ ನಿಂತು, ಹೋಗಲೋ ಬೇಡವೋ ಎಂದು ತಮ್ಮತಮ್ಮಲ್ಲೇ ಪಂಚಾಯಿತಿ ಮಾಡಿದವು. ಎದ್ದಳು. ಒಂದು ಉಸಿರು ತೆಗೆದುಕೊಂಡು ಚಿಮ್ಮಿಸಿದಳು. ಸಲಾಕೆ ಹಿಂದಕ್ಕೆ ವಾಲಿತು, ಅವಳು ಒಂದು ಹೆಜ್ಜೆ ಅದರ ಹಿಂದೆ ಹೋದಳು, ಇನ್ನೊಂದು ಹೆಜ್ಜೆ ಮುಂದೆ ಬಂದಳು, ಪಾದ ಕೂಡಿಸಿದಳು. ಇಳಿಸು ಎಂಬ ಗಂಟೆ ಬಾರಿಸುವವರೆಗೆ ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮೂವರು ತೀರ್ಪುಗಾರರ ದೀಪಗಳಲ್ಲಿ ಎರಡು ಬಿಳಿ, ಒಂದು ಕೆಂಪು. ಎರಡು ಬಿಳಿ ಸಾಕು.

ಇಳಿದು ಬಂದವಳ ಕೈಯನ್ನು ದಾರ್ಮಾಜಿ ಎರಡೂ ಕೈಯಲ್ಲಿ ಹಿಡಿದುಕೊಂಡರು. ಸುಮಿರಾ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು.

ಒಳಕೋಣೆಯಲ್ಲಿ ನುರೈಸಾ ನೆಲದ ಮೇಲೆ ಬಿದ್ದಿದ್ದಳು. ಸೋತು ಅಳುತ್ತಿದ್ದಾಳೆ ಎಂದುಕೊಂಡು ವಿನಾರ್ತಿ ಮೊದಲು ಬಾಗಿಲಲ್ಲೇ ನಿಂತಳು. ನೋಡಿದರೆ ಅವಳ ಮೀನಖಂಡ ಕಲ್ಲಿನಂತೆ ಗಂಟಾಗಿ, ಪಾದ ಸೆಟೆದು ನಿಂತಿತ್ತು. ಬಿಟ್ಟ ಸರದಿಯ ಕಾರಣ ಗುರುವಿನ ಎಣಿಕೆಯೊಂದೇ ಅಲ್ಲ.

ವಿನಾರ್ತಿ ಮಂಡಿಯೂರಿ ಆ ಪಾದವನ್ನು ತನ್ನ ಎದೆಗೆ ಆನಿಸಿಕೊಂಡು, ಬೆರಳುಗಳನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿದಳು.

"ನೀನೂ ಒಣಗಿಸ್ಕೊಂಡು ಬಂದಿದ್ಯಾ?"

"ಮೂರು ಕಿಲೊ," ಎಂದಳು ನುರೈಸಾ, ಹಲ್ಲು ಕಚ್ಚಿ. "ನಿನ್ನ ಎಪ್ಪತ್ತು ನೋಡಿ ನಗು ಬಂತು ಅಕ್ಕ. ನಮ್ಮ ಗುರುಗಳೂ ಇಳಿಸಿದ್ರೆ ಚೆನ್ನಾಗಿರ್ತಿತ್ತು ಅಂತ ಆಮೇಲೆ ಅನ್ನಿಸ್ತು."

"ನೀನು ಕೇಳ್ಬೇಕಿತ್ತು."

"ನಾಚಿಕೆ ಆಯ್ತು."

ಹೊರಗೆ ಮುಂದಿನ ವರ್ಗದವರ ಹೆಸರು ಕೂಗುತ್ತಿದ್ದರು. ಗಂಟು ಸಡಿಲವಾಗುವವರೆಗೆ ವಿನಾರ್ತಿ ಆ ಕಾಲನ್ನು ಬಿಡಲಿಲ್ಲ.