ಅದು ಕುರಿ ಸೂಪಲ್ಲ

ಮದುವೆ ಮಾತುಕತೆಯನ್ನು ಯಾರ ಮನೆಯಲ್ಲಿ ಇಟ್ಟುಕೊಳ್ಳುವುದು ಎನ್ನುವುದೇ ಮೊದಲ ತಲೆನೋವಾಯಿತು. ಹುಡುಗನ ಅಪ್ಪ ನಂಜುಂಡಪ್ಪ ಕಾಲೋನಿಗೆ ಬಂದು ಹುಡುಗಿಯ ಅಮ್ಮ ಲಕ್ಷ್ಮಕ್ಕನ ಮನೆಯಲ್ಲಿ ಕೂತರೆ ಒಂದು ಲೋಟ ನೀರನ್ನಾದರೂ ಕುಡಿಯಬೇಕು. ಕುಡಿದರೆ ಊರು ಸುಮ್ಮನಿರುವುದಿಲ್ಲ, ಕುಡಿಯದಿದ್ದರೆ ಬಂದದ್ದಕ್ಕೆ ಅರ್ಥವಿಲ್ಲ. ಹೆಣ್ಣಿನ ಕಡೆಯವರೇ ಅವರ ತೋಟದ ಮನೆಗೆ ಹೋಗೋಣವೆಂದರೆ ಲಕ್ಷ್ಮಕ್ಕನಿಗೆ ಗೊತ್ತಿದ್ದದ್ದು ಆ ಮನೆಯ ಹಿತ್ತಲು ಮಾತ್ರ. ವರ್ಷಗಟ್ಟಲೆ ಅಲ್ಲಿ ಕೂತು ಕರಟ ಒಡೆದು ಕೊಬ್ಬರಿ ಬಿಡಿಸಿದ್ದಳು, ಕೊಟ್ಟಿಗೆಯ ಗೂಡಿನಲ್ಲಿ ಬೇರೆಯಾಗಿ ಇಟ್ಟಿರುತ್ತಿದ್ದ ಲೋಟದಲ್ಲಿ ಕಾಫಿ ಕುಡಿದಿದ್ದಳು. ನಡುಮನೆಗೆ ಯಾವ ಬಣ್ಣ ಹೊಡೆಸಿದ್ದಾರೆಂದು ಕೂಡ ಕಂಡವಳಲ್ಲ.

ಕೊನೆಗೆ ದಾರಿ ಹುಡುಕಿದವನು ಹುಡುಗ ದಯಾನಂದ್. ತಿಪಟೂರಿನ ಹೈವೇ ಪಕ್ಕದ ಫುಡ್ ಕೋರ್ಟಿನಲ್ಲಿ ಸೇರಿದರೆ ಯಾರ ಮನೆಗೂ ಯಾರೂ ಬಂದಂತಾಗುವುದಿಲ್ಲ. ಅಲ್ಲಿ ಕಾಫಿ ನೀರು ಎಲ್ಲ ಪೇಪರ್ ಲೋಟದಲ್ಲಿ. ಕುಡಿದು ಎಸೆದರಾಯಿತು, ಯಾರ ಎಂಜಲನ್ನು ಯಾರೂ ತೊಳೆಯಬೇಕಿಲ್ಲ.

"ಎಂಥಾ ತಲೆ ನೋಡವ್ವ ಇವನದು" ಎಂದು ಸುಷ್ಮಿತಾ ಅಮ್ಮನ ಮುಂದೆ ಹೆಮ್ಮೆಪಟ್ಟಿದ್ದಳು. ಪ್ರೀತಿಯಲ್ಲಿ ಮುಳುಗಿದವರ ಕಣ್ಣಿಗೆ ಪುಕ್ಕಲುತನವೂ ಬುದ್ಧಿವಂತಿಕೆಯಾಗಿ ಕಾಣುತ್ತದೆ. ಅವಳದೇನೂ ತಪ್ಪಿಲ್ಲ.

ಸುಷ್ಮಿತಾ ತುರುವೇಕೆರೆಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅಪ್ಪನ ಸಕ್ಕರೆ ಕಾಯಿಲೆಯ ರಿಪೋರ್ಟಿಗೆಂದು ಬರುತ್ತಿದ್ದ ದಯಾನಂದ್, ರಿಪೋರ್ಟು ಕೈಗೆ ಸಿಕ್ಕ ಮೇಲೂ ಬರತೊಡಗಿದ. ಆಮೇಲೊಂದು ದಿನ ಬೈಕಿನಲ್ಲಿ ಕೂರಿಸಿಕೊಂಡು ಇದೇ ಫುಡ್ ಕೋರ್ಟಿಗೆ, ಮೂಲೆಯಲ್ಲಿದ್ದ ಭೀಮರಾಜುವಿನ ಚೈನೀಸ್ ಅಂಗಡಿಗೆ ಕರೆತಂದ. ಮಾಯಸಂದ್ರದ ಈ ಭೀಮರಾಜು ದುಬೈನಲ್ಲಿ ಚೀನಾದವರ ಹೋಟೆಲಿನ ಒಲೆಯ ಮುಂದೆ ಬಹುಕಾಲ ಬೆಂದು ಬಂದವನು. ಹಿಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು, ಮಡಿಸಿ, ಮತ್ತೆ ಎಳೆದು ಕಣ್ಣೆದುರಿಗೇ ನೂಡಲ್ಸ್ ಮಾಡುತ್ತಾನೆ. ತುಮಕೂರಿನ ಲೈಸೆನ್ಸ್ ಅಂಗಡಿಯಿಂದ ತಂದ ಎಮ್ಮೆ ಮಾಂಸವನ್ನು ಚಕ್ಕೆ, ಚಕ್ರಮೊಗ್ಗು, ಶುಂಠಿ ಹಾಕಿ ಬೆಳಗಿನಿಂದ ಬೇಯಿಸಿ, ಮೇಲೆ ಕೆಂಪು ಮೆಣಸಿನಕಾಯಿಯ ಎಣ್ಣೆ ಸುರಿಯುತ್ತಾನೆ. ಜೊತೆಗೆ ಚೀನಾದ ಅದ್ಯಾವುದೋ ಕಾಳಿನ ಪುಡಿ. ಬಾಯಿಗಿಟ್ಟರೆ ನಾಲಿಗೆ ಜುಮ್ಮೆಂದು ಮರಗಟ್ಟುತ್ತದೆ. ಬೋರ್ಡಿನಲ್ಲಿ ಬೀಫ್ ನೂಡಲ್ಸ್ ಸೂಪ್ ಎಂದು ಇಂಗ್ಲಿಷಿನಲ್ಲಿ ಸಣ್ಣಗೆ ಬರೆದಿದೆ. ಓದುವವರು ಓದಿ ತಿನ್ನುತ್ತಾರೆ. ಓದಲು ಮನಸ್ಸಿಲ್ಲದವರು ಓದದೆ ತಿನ್ನುತ್ತಾರೆ.

ಆ ದಿನ ಸುಷ್ಮಿತಾ, "ನಮ್ಮನೇಲಿ ಅದನ್ನೆಲ್ಲ ತಿನ್ನಲ್ಲ" ಎಂದು ಸುಳ್ಳು ಹೇಳಿದ್ದಳು. ಹಾಸ್ಟೆಲಿನಲ್ಲಿ ಕಲಿತ ಸುಳ್ಳು ಅದು, ಬಾಯಿಗೆ ತಾನಾಗಿಯೇ ಬರುತ್ತಿತ್ತು.

ದಯಾನಂದ್ ನಕ್ಕುಬಿಟ್ಟ. "ನಾನೇ ತಿಂತೀನಿ, ನಿಂಗೆಂಥಾ ನಾಚ್ಕೆ? ತಿನ್ನೋದೇನು ಕಳ್ತನವಾ?"

ಹಾಗೆಂದು ಮೂಗಿನ ತುದಿಯಿಂದ ಬೆವರು ಇಳಿಯುವಂತೆ ತಿಂದ. ಅವಳೂ ತಿಂದಳು. ಹುಟ್ಟಿದಾಗಿನಿಂದ ಬಾಗಿಲು ಮುಚ್ಚಿಕೊಂಡು ತಿಂದದ್ದನ್ನು ಅಂದು ಹಾಡಹಗಲೇ, ನಾಲ್ಕು ಜನರ ನಡುವೆ ತಿಂದಳು. ಮದುವೆ ಅಂತ ಆದರೆ ಇವನನ್ನೇ ಎಂದು ಅವಳು ತೀರ್ಮಾನ ಮಾಡಿದ್ದು ಆ ಬಟ್ಟಲಿನ ಮುಂದೆ. ಅವನನ್ನು ಬಿಟ್ಟು ಬದುಕುವುದನ್ನು ನೆನೆಸಿಕೊಳ್ಳಲೂ ಅವಳು ಒಪ್ಪುತ್ತಿರಲಿಲ್ಲ.

ಈ ಭಾನುವಾರ ನಾಲ್ವರೂ ಒಂದು ಮೇಜಿನ ಸುತ್ತ ಕೂತಿದ್ದರು. ನಂಜುಂಡಪ್ಪನನ್ನು ಕೆಟ್ಟವನೆನ್ನುವಂತಿಲ್ಲ. ಮಗನ ಹಟಕ್ಕೆ ಅರ್ಧ ಸೋತಿದ್ದ, ಉಳಿದ ಅರ್ಧವನ್ನು ಷರತ್ತುಗಳಲ್ಲಿ ಉಳಿಸಿಕೊಳ್ಳಲು ಬಂದಿದ್ದ.

"ಮದ್ವೆ ದೂರದ ಯಾವ್ದಾದ್ರೂ ದೇವಸ್ಥಾನದಲ್ಲಿ ಆಗ್ಲಿ. ನೆಂಟ್ರಿಗೆ ಹುಡ್ಗಿ ಮೈಸೂರ್ ಕಡೆಯೋಳು ಅಂತ ಹೇಳ್ಕತೀವಿ" ಎಂದ. ಆಮೇಲೆ ಲಕ್ಷ್ಮಕ್ಕನ ಕಡೆ ತಿರುಗಿ, "ನಿಂಗೆ ಮಗಳ್ನ ನೋಡ್ಬೇಕು ಅನ್ನಿಸ್ದಾಗ ಫೋನ್ ಮಾಡು ಲಕ್ಷ್ಮಕ್ಕ, ಇವ್ನೇ ಕರ್ಕಂಡ್ ಬತ್ತಾನೆ. ನೀನು ಮಾತ್ರ ಮನೆ ಕಡೆ ಬರಕ್ ಹೋಗ್ಬೇಡ" ಎಂದ.

"ಆಗ್ಲಿ ಬುದ್ಧಿ. ಮಗ್ಳು ಚೆನ್ನಾಗಿದ್ರೆ ಸಾಕು" ಎಂದಳು ಲಕ್ಷ್ಮಕ್ಕ. ಹೊಸ ಸೀರೆಯ ಸೆರಗನ್ನು ಮೈತುಂಬ ಹೊದ್ದು ಕುರ್ಚಿಯ ಅಂಚಿನಲ್ಲಿ ಕೂತಿದ್ದಳು.

ಆ 'ಬುದ್ಧಿ' ಎನ್ನುವ ಮಾತಿಗೆ ಸುಷ್ಮಿತಾಳಿಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಕೆಳಗೆ ದಯಾನಂದ್ ಅವಳ ಕಾಲನ್ನು ಒತ್ತಿದ. ಈಗ ಸುಮ್ಮನಿರು, ಆಮೇಲೆ ನೋಡಿಕೊಳ್ಳೋಣ ಎಂದು ಅದರ ಅರ್ಥ. ಅವನಿಗಾಗಿ ಇಷ್ಟು ನುಂಗಿಕೊಳ್ಳಬಹುದು ಎಂದುಕೊಂಡಳು.

ಇದೆಲ್ಲ ಭೀಮರಾಜುವಿಗೆ ಏನು ಗೊತ್ತು ಪಾಪ. ಮಾಮೂಲಿ ಜೋಡಿ ಬಂದಿದೆ, ಜೊತೆಗೆ ಹಿರಿಯರಿದ್ದಾರೆ. ನಮ್ಮ ಕಡೆ ಮನೆಗೆ ಬಂದವರನ್ನು ಊಟ ಮಾಡುತ್ತೀರಾ ಎಂದು ಕೇಳುವುದೇ ಅವಮಾನ, ಎಲೆ ಹಾಕಿಯೇ ಕರೆಯಬೇಕು. ಅದೇ ಮರ್ಯಾದೆಯಲ್ಲಿ ಅವನು ಯಾರನ್ನೂ ಕೇಳದೆ ಎರಡು ಪಿಂಗಾಣಿ ಬಟ್ಟಲು ತುಂಬಿಸಿ ತಂದಿಟ್ಟ. "ದಯಾನಂದಣ್ಣ, ನಿಮ್ದು ಮಾಮೂಲಿ. ಖಾರ ಒಂದ್ ಸೌಟು ಜಾಸ್ತೀನೇ ಹಾಕಿವ್ನಿ. ದೊಡ್ಡೋರಿಗೂ ಮಾಡ್ತಾ ಇವ್ನಿ" ಎಂದು ಹೇಳಿ ಒಲೆಯ ಕಡೆ ಓಡಿದ.

ನಂಜುಂಡಪ್ಪ ಮೂಗರಳಿಸಿದ. "ಏನ್ಲಾ ಇದು? ಘಮ್ ಅಂತೈತೆ."

"ಕುರಿ ಸೂಪು ಕಣಪ್ಪ" ಎಂದ ದಯಾನಂದ್. ಒಂದು ಸಲವೂ ತಡವರಿಸಲಿಲ್ಲ.

ಸಕ್ಕರೆ ಕಾಯಿಲೆ ಬಂದಾಗಿನಿಂದ ಮನೆಯಲ್ಲಿ ಬಾಡಿನ ಮುಖ ಕಾಣದ ನಂಜುಂಡಪ್ಪನ ಕಣ್ಣು ಮಿನುಗಿತು. "ನಿಮ್ಮಮ್ಮಂಗ್ ಹೇಳ್ಬೇಡ ಮತ್ತೆ" ಎನ್ನುತ್ತ ಮಗನ ಮುಂದಿದ್ದ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡು, ಒಂದು ತುಂಡನ್ನು ಚಮಚದಲ್ಲಿ ಎತ್ತಿದ.

ದಯಾನಂದನ ಮುಖ ಬಿಳಚಿತು. ಆದರೂ ತಡೆಯಲಿಲ್ಲ. ಸುಷ್ಮಿತಾಳತ್ತ ನೋಡಿ ಸಣ್ಣಗೆ ತಲೆಯಾಡಿಸಿದ, ಏನೂ ಹೇಳಬೇಡ ಎನ್ನುವಂತೆ.

ಹೇಳದಿದ್ದರೆ ಮದುವೆ ಆದಂತೆಯೇ. ಮುದುಕ ತಿನ್ನುತ್ತಾನೆ, ಬಾಯಿ ಚಪ್ಪರಿಸುತ್ತಾನೆ, ಹೊಟ್ಟೆ ತಣ್ಣಗಾದ ಮೇಲೆ ಷರತ್ತುಗಳೂ ಒಂದಿಷ್ಟು ಸಡಿಲವಾಗುತ್ತವೆ. ಸುಷ್ಮಿತಾಳಿಗೆ ಅದೆಲ್ಲ ಕಣ್ಣಿಗೆ ಕಟ್ಟಿತು. ಆದರೆ ಅವಳು ಲಕ್ಷ್ಮಕ್ಕನ ಮಗಳು. ಬಿಸಿಲಲ್ಲಿ ಬಾಯಾರಿ ಬಂದ ದಾರಿಹೋಕ ನೀರು ಕೇಳಿದರೂ, "ನಾವು ಕಾಲೋನಿಯೋರು ಕಣಪ್ಪ, ಕುಡೀತೀಯಾ?" ಎಂದು ಕೇಳಿಯೇ ಚೊಂಬು ಮುಂದೆ ಹಿಡಿಯುತ್ತಿದ್ದವಳ ಮಗಳು. ಒಬ್ಬರಿಗೆ ಬೇಡವಾದದ್ದನ್ನು ಗೊತ್ತಾಗದಂತೆ ಅವರ ಬಾಯಿಗೆ ಹಾಕುವುದು ಆ ಮನೆಯಲ್ಲಿ ನಡೆದದ್ದಿಲ್ಲ.

"ತಿನ್ಬೇಡಿ" ಎಂದಳು. "ಅದು ಕುರಿ ಸೂಪಲ್ಲ. ಎಮ್ಮೆ ಬಾಡು."

ಚಮಚ ಬಟ್ಟಲಿಗೆ ಬಿದ್ದು ಕೆಂಪು ಎಣ್ಣೆ ನಂಜುಂಡಪ್ಪನ ಬಿಳಿ ಅಂಗಿಗೆ ಚಿಮ್ಮಿತು. ಅವನು ಮಗನನ್ನು ನೋಡಿದ. "ಮಾಮೂಲಿ ಅಂದ್ನಲ್ಲೋ ಅವ್ನು. ನೀನು ಇದನ್ನ ತಿಂತೀಯಾ?"

"ನಂಗ್ ಗೊತ್ತಿರ್ಲಿಲ್ಲ ಕಣಪ್ಪ" ಎಂದ ದಯಾನಂದ್. "ಇವ್ಳೇ ಕರ್ಕಂಡ್ ಬಂದು ಕೊಡಿಸ್ತಿದ್ಲು. ಕುರಿ ಅಂತಾನೇ ಅಂದ್ಕಂಡಿದ್ದೆ."

ಸುಷ್ಮಿತಾ ಅವನನ್ನೇ ನೋಡಿದಳು. ಅಪ್ಪನಿಗೆ ಹೆದರಿ ಹೇಳಿದ ಮೊದಲ ಸುಳ್ಳನ್ನು ಅವಳು ಕ್ಷಮಿಸಿಬಿಡುತ್ತಿದ್ದಳೇನೋ. ಇದು ಹಾಗಲ್ಲ. ಇದನ್ನು ಅವನು ಅವಳ ತಲೆಗೆ ಕಟ್ಟಿದ್ದ, ಅವಳ ಎದುರಿಗೇ.

ನಂಜುಂಡಪ್ಪನ ಸಿಟ್ಟು ಮಗನನ್ನು ಬಿಟ್ಟು ಲಕ್ಷ್ಮಕ್ಕನ ಮೇಲೆ ತಿರುಗಿತು. "ಇದೇನಾ ನೀನು ಮಗಳಿಗೆ ಕಲ್ಸಿರೋದು? ನನ್ ಮಗನ ಜಾತಿ ಕೆಡ್ಸಿದ್ಲಲ್ಲ."

ಲಕ್ಷ್ಮಕ್ಕ ಕೈಮುಗಿಯುತ್ತಾಳೆಂದು ಸುಷ್ಮಿತಾ ಅಂದುಕೊಂಡಳು. ಲಕ್ಷ್ಮಕ್ಕ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಸರಿಯಾಗಿ ಕೂತಳು.

"ನಂಜುಂಡಪ್ನೋರೇ" ಎಂದಳು. ಬುದ್ಧಿ ಎನ್ನಲಿಲ್ಲ. "ನಿಮ್ ಕೊಟ್ಟಿಗೇಲಿ ಎತ್ತು ಸತ್ರೆ ಯಾರಿಗ್ ಹೇಳಿ ಕಳಿಸ್ತಿದ್ರಿ? ನನ್ ಗಂಡ ಸಣ್ಣತಿಮ್ಮಯ್ಯ ಹಗ್ಗ ತಗಂಡು ಬರೋನು. ಅದು ಕಾಯ್ಲೆ ಬಂದು ಸತ್ತಿದ್ದೋ, ಹಾವು ಕಚ್ಚಿ ಸತ್ತಿದ್ದೋ ಯಾರೂ ಹೇಳ್ತಿರ್ಲಿಲ್ಲ. ಎಳ್ಕಂಡ್ ಹೋಗೋ ಅಂತಿದ್ರಿ ಅಷ್ಟೇ. ಅದನ್ನ ತಿಂದೇ ನಾವು ನಿಮ್ ತೋಟದಾಗೆ ದುಡಿದಿದ್ದು. ಆಗ ಯಾರ್ ಜಾತೀನೂ ಕೆಡ್ಲಿಲ್ಲ. ಈವತ್ತು ನನ್ ಮಗ್ಳು ದುಡ್ದು, ಕಾಸು ಕೊಟ್ಟು, ಬಿಸಿಬಿಸೀದು ತಿಂದ್ರೆ ಕೆಟ್ಟೋಯ್ತದಾ?"

ಹಾಗೆಂದವಳೇ ಅವನ ಮುಂದಿದ್ದ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ನೂಡಲ್ಸ್ ಚಮಚಕ್ಕೆ ನಿಲ್ಲದೆ ಜಾರಿತು. ಚಮಚ ಪಕ್ಕಕ್ಕಿಟ್ಟು ಕೈಯಲ್ಲೇ ಒಂದು ತುಂಡು ತೆಗೆದು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು. ಪಕ್ಕದ ಮೇಜಿನವರು ತಟ್ಟೆಯ ದೋಸೆ ಬಿಟ್ಟು ಇತ್ತಲೇ ನೋಡುತ್ತಿದ್ದರು. ಲಕ್ಷ್ಮಕ್ಕ ಅವರನ್ನೂ ಒಂದು ಸಲ ನೋಡಿ ಇನ್ನೊಂದು ತುಂಡಿಗೆ ಕೈ ಹಾಕಿದಳು.

ಜನ ನೋಡುತ್ತಿದ್ದಾರೆಂದು ಗೊತ್ತಾದ ಮೇಲೆ ನಂಜುಂಡಪ್ಪ ದನಿ ತಗ್ಗಿಸಿದ. "ನೋಡಮ್ಮ ಸುಷ್ಮಿತಾ, ಆಗಿದ್ದು ಆಗೋಯ್ತು. ಇವ್ನು ನೀನೇ ಬೇಕು ಅಂತ ಕೂತವ್ನೆ. ಇನ್ಮೇಲೆ ಇದನ್ನ ಬುಡ್ತೀನಿ ಅಂತ ನಿಮ್ಮವ್ವನ ಮುಂದೆ ಒಂದ್ ಮಾತು ಹೇಳು. ನಾನೂ ಎಲ್ಲ ಮರ್ತ್ ಬುಡ್ತೀನಿ."

"ಹೇಳ್ಬುಡು ಸುಷ್ಮಿ" ಎಂದ ದಯಾನಂದ್. "ಒಂದ್ ಮಾತು ತಾನೆ."

ಸುಷ್ಮಿತಾ ಅವನ ಕಡೆಯೇ ನೋಡುತ್ತ ಕಾದಳು. ಅವನಿಂದ ಅವಳಿಗೂ ಬೇಕಾಗಿದ್ದದ್ದು ಒಂದೇ ಮಾತು. ಇವಳನ್ನು ಇಲ್ಲಿಗೆ ಕರೆತಂದವನು ನಾನು ಎಂದರೆ ಸಾಕಿತ್ತು. ಉಳಿದದ್ದನ್ನೆಲ್ಲ, ದೂರದ ದೇವಸ್ಥಾನವನ್ನೂ ಮೈಸೂರಿನ ಸುಳ್ಳನ್ನೂ, ಜಗಳವಾಡಿಯಾದರೂ ಸರಿಮಾಡಿಕೊಳ್ಳುತ್ತಿದ್ದಳು. ದಯಾನಂದ್ ಪೇಪರ್ ಲೋಟದ ಅಂಚನ್ನು ಉಗುರಿನಿಂದ ಬಿಡಿಸುತ್ತ ಕೂತಿದ್ದ.

"ಆಯ್ತು, ಬುಡ್ತೀನಿ" ಎಂದಳು.

ಅಪ್ಪ ಮಗ ಇಬ್ಬರಿಗೂ ಉಸಿರು ಬಂತು.

"ಊಟ ಅಲ್ಲ. ನಿಮ್ ಮಗನ್ನ" ಎಂದಳು ಸುಷ್ಮಿತಾ. "ಈವತ್ತು ಎಮ್ಮೇನ ಕುರಿ ಅಂದ. ನಾಳೆ ನಮ್ಮವ್ವ ಎದುರಿಗೆ ಬಂದ್ರೆ ಇವ್ಳು ಯಾರೋ ಕೂಲಿಯೋಳು ಅಂತಾನೆ. ನಂಗೆ ಬೇಡ. ಕರ್ಕಂಡ್ ಹೋಗಿ."

ದಯಾನಂದ್ ಎದ್ದು ನಿಂತ. ಅವಳ ಹೆಸರು ಹಿಡಿದು ಕರೆದ. ಅವಳು ತನ್ನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ತಿನ್ನತೊಡಗಿದ್ದಳು. ಅಪ್ಪ ಎದ್ದು ನಡೆದ ಮೇಲೆ ಅವನೂ ಹಿಂದೆ ಹೊರಟ. ಕಾರು ಹೈವೇಗೆ ಇಳಿದು ತುರುವೇಕೆರೆ ಕಡೆಗೆ ತಿರುಗಿತು. ಭೀಮರಾಜು ದೊಡ್ಡವರಿಗೆಂದು ಮಾಡಿದ ಬಟ್ಟಲು ಹಿಡಿದು ಬಂದವನು, ಖಾಲಿ ಕುರ್ಚಿ ನೋಡಿ ಅದನ್ನು ಅಲ್ಲೇ ಇಟ್ಟು ಹೋದ.

ಸುಷ್ಮಿತಾಳ ಕಣ್ಣು ತುಂಬಿ ನೀರು ಇಳಿಯತೊಡಗಿತು. ಮೂಗೂ ಸೋರುತ್ತಿತ್ತು.

"ನೀರ್ ಕುಡಿ ಮಗ, ಖಾರ ಅದು" ಎಂದಳು ಲಕ್ಷ್ಮಕ್ಕ.

"ಖಾರಕ್ಕಲ್ಲ ಕಣವ್ವ. ಅಳ್ತಾ ಇವ್ನಿ. ನಂಗೆ ಅವ್ನು ಬೇಕಾಗಿತ್ತು."

ಲಕ್ಷ್ಮಕ್ಕ ಎಂಜಲಾಗದ ಎಡಗೈಯಲ್ಲಿ ಮಗಳ ಬೆನ್ನು ಸವರಿದಳು. "ಅಳು. ಯಾರ್ ಬೇಡ ಅಂದ್ರು?" ಎಂದಳು. "ತಿನ್ಕಂಡ್ ಅಳು. ಆರೋಯ್ತದೆ."